ಕೆನೆಬಣ್ಣದ ಗಿಡದ ಬಗ್ಗೆ ಡೋರೀನ್ ಹೇಳಿದ್ದು

ಗೋಡೆಗೆ ಒರಗಬೇಡ ಸೆನಾಯಿತ್, ಮೇಲಿನ ಇಟ್ಟಿಗೆ ಸಡಿಲ.
ಹೂಂ, ಇದೇ. ನೀನು ಕಿಟಕಿಯಿಂದ ನೋಡುತ್ತಿದ್ದದ್ದು ಇದನ್ನೇ.
ಹೆಸರು ಕೇಳಬೇಡ. ಚೀಟಿಯನ್ನು ಬಸವನಹುಳು ತಿಂದಿತು
ಮೊದಲ ವರ್ಷವೇ.
ಅದರಲ್ಲಿದ್ದ ಒಂದು ಮಾತು ಮಾತ್ರ ನೆನಪಿದೆ: ಕೆನೆ.

ಬಿಳಿಯಲ್ಲ, ನೋಡು. ಬಿಳಿ ಅಂದರೆ ಆಸ್ಪತ್ರೆಯ ಹಾಸಿಗೆ.
ಹಳದಿಯೂ ಅಲ್ಲ.
ಹಾಲಿನ ಬಾಟಲಿಯ ಕತ್ತಿನಲ್ಲಿ ಎರಡು ಬೆರಳಗಲ
ನಿಲ್ಲುತ್ತಿತ್ತಲ್ಲ, ಪುಟ್ಟ ನೀಲಿ ಹಕ್ಕಿ
ತಗಡಿನ ಮುಚ್ಚಳ ಕುಕ್ಕಿ ನಮಗಿಂತ ಮೊದಲೇ
ಕದ್ದು ಕುಡಿಯುತ್ತಿದ್ದದ್ದು,
ಅದು. ನೀನು ಆಗಿನ್ನೂ ಹುಟ್ಟಿರಲಿಲ್ಲ ಬಿಡು.

ನೆಟ್ಟದ್ದು ನವೆಂಬರಿನಲ್ಲಿ. ಮಣ್ಣಿಲ್ಲದ ಬೋಳು ಬೇರು,
ಮೀನಿನ ಹಾಗೆ ಕಾಗದದಲ್ಲಿ ಸುತ್ತಿ ಕಳಿಸಿದ್ದರು.
ರಾತ್ರಿಯಿಡೀ ಸ್ನಾನದ ತೊಟ್ಟಿಯಲ್ಲಿ ನೆನೆಯಿತು;
ಬೆಳಿಗ್ಗೆ ಕಂಡು ಬೆಚ್ಚಿಬಿದ್ದೆ.
ಈ ಹಿತ್ತಿಲು ಎಷ್ಟಿದೆ ಹೇಳು? ಎರಡು ಮಂಚ ಹಾಕಿದರೆ
ಮೂರನೆಯದಕ್ಕೆ ಜಾಗವಿಲ್ಲ.
ಅಗೆದಾಗ ಸಿಕ್ಕಿದ್ದು ಕಲ್ಲಿದ್ದಲ ಬೂದಿ, ಒಡೆದ ಪಿಂಗಾಣಿ,
ಯಾರದೋ ಮಗುವಿನ ಬೂಟಿನ ಅಟ್ಟೆ.
ಎಲ್ಲ ತೆಗೆದು ಕುದುರೆಗೊಬ್ಬರ ತುಂಬಿ
ಕಸಿಯ ಗಂಟನ್ನು ಎರಡು ಬೆರಳು ಒಳಗಿಳಿಸಿ
ಸುತ್ತ ಬೂಟುಗಾಲಲ್ಲಿ ತುಳಿದೆವು. ಹಾಗೇ ತುಳಿಯಬೇಕು.
ಸಡಿಲ ಮಣ್ಣಿಗಿಂತ ಬೂಟೇ ವಾಸಿ ಅದಕ್ಕೆ.

ನಿಜ ಹೇಳುತ್ತೇನೆ, ನನಗೆ ಬೇಕಿದ್ದದ್ದು ಕೆಂಪು.
ಕೆಂಪು ತನ್ನ ಗಾಯ ತೋರಿಸುವುದಿಲ್ಲ.
ಇದಕ್ಕೆ ಹನಿ ಹೆಚ್ಚು ಬಿದ್ದರೆ ಸಾಕು
ಎಸಳಿನ ಅಂಚಿಗೆಲ್ಲ ಚಹಾದ ಕಲೆ.
ಜೂನಿನಲ್ಲಿ ವಾರವಿಡೀ ಸುರಿದರೆ ಮೊಗ್ಗು
ಒದ್ದೆ ಕಾಗದದ ಉಂಡೆಯಂತೆ ಅಂಟಿಕೊಂಡು
ಬಿರಿಯದೆಯೇ ಕೊಳೆಯುತ್ತದೆ.
ಹೊರಗಿನ ಎಸಳನ್ನು ಹೆಬ್ಬೆರಳಿಂದ ಬಿಡಿಸಿಕೊಡಬೇಕು,
ಮಲಗಿದ ಮಗುವಿನ ಕೋಟಿನ ಗುಂಡಿ ಬಿಚ್ಚಿದ ಹಾಗೆ.
ಅಷ್ಟು ಪುರುಸೊತ್ತು ಯಾರಿಗಿದೆ?

ವಿಲ್ಫ್‌ಗಿದೆ.
ಮೂವತ್ತೊಂದು ವರ್ಷ ಹಾಲಿನ ಬಂಡಿ ಓಡಿಸಿದ,
ಬ್ಯಾಟರಿ ಬಂಡಿ, ಬಾಟಲಿಗಳ ಕಿಣಿಕಿಣಿ ಬಿಟ್ಟರೆ ಸದ್ದಿಲ್ಲ.
ಡೈರಿ ಮುಚ್ಚಿ ಹನ್ನೆರಡು ವರ್ಷ. ಈಗಲೂ
ಮೂರು ಗಂಟೆಗೆ ಕಣ್ಣು ಬಿಡುತ್ತಾನೆ.
ಏಳುವುದು, ಮೊಣಕಾಲಿಗೆ ಬೈಯುವುದು, ಟಾರ್ಚು ಹಿಡಿದು
ಬಸವನಹುಳು ಹೆಕ್ಕಲು ಹೊರಡುವುದು.
ಹೆಕ್ಕಿದ್ದನ್ನು ಕೊಲ್ಲುವುದಿಲ್ಲ, ರೈಲುಹಳಿಯತ್ತ ಎಸೆಯುತ್ತಾನೆ.
ಅವು ನಡೆದು ವಾಪಸು ಬರುತ್ತವೆ ಅಂತ ನನ್ನ ಗುಮಾನಿ.

ಹೋದ ಸೆಪ್ಟೆಂಬರ್, ಗಿಡ ಎರಡನೇ ಸಲ ಬಿಟ್ಟಿದ್ದಾಗ
ಒಂದು ರಾತ್ರಿ ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.
ಬಿದ್ದನೇನೋ ಅಂತ ಮನೆಚಪ್ಪಲಿಯಲ್ಲೇ ಓಡಿದೆ.
ಟಾರ್ಚು ಆರಿಸಿಕೊಂಡು ನಿಂತಿದ್ದ.
ಕುಂಡದ ಕೆಂಪು ಜೆರೇನಿಯಂ ಎಲ್ಲೂ ಇಲ್ಲ.
ನನ್ನ ಲ್ಯಾವೆಂಡರ್ ಇಲ್ಲ. ಹಸಿರನ್ನು ಕತ್ತಲು ನುಂಗಿತ್ತು.
ಇದು ಮಾತ್ರ, ಒಂದೊಂದು ಹೂವೂ
ಹೊಸಿಲ ಮೇಲೆ ಯಾರೋ ಇಟ್ಟುಹೋದ ಹಾಗೆ.

“ಡಾರ್ಲಿಂಗ್ಟನ್ನಿನ ತೋಟಗಳನ್ನೆಲ್ಲ ನಾನು ನೋಡಿದ್ದು ಹೀಗೇ,” ಅಂದ.
“ಬೇರೆ ಬಣ್ಣಗಳಿದ್ದವು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಮದುವೆಯಾಗಿ ನಲವತ್ತಾರು ವರ್ಷ. ಒಮ್ಮೆಯೂ ಹೇಳಿರಲಿಲ್ಲ.
ಒಳಗೆ ಬಾ, ಶೀತವಾಗುತ್ತದೆ, ಅಂದೆ.
ಇನ್ನೇನು ಅನ್ನಲಿ?

ಸರಿ. ನೀನೂ ಬಿಸ್ಕತ್ತು ಕಾರ್ಖಾನೆಯಿಂದ ಅದೇ ಹೊತ್ತಿಗೆ ಬರುತ್ತೀ,
ನಿನ್ನ ಗೇಟು ಕಿರುಗುಡುವುದು ಕೇಳುತ್ತದೆ.
ಈ ವರ್ಷ ಚಿಗುರಿದ ಕಡ್ಡಿ ನೋಡಿಕೋ,
ಪೆನ್ಸಿಲ್ ದಪ್ಪ, ಗೇಣುದ್ದ.
ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಕುಂಡದಲ್ಲಿ
ಮುಕ್ಕಾಲು ಭಾಗ ಹೂತುಬಿಡು.
ಬೇರು ಬಂತೇ ಅಂತ ಎಳೆದೆಳೆದು ನೋಡಬೇಡ.
ನಿನ್ನದಕ್ಕೆ ಕಸಿಯ ಗಂಟಿರುವುದಿಲ್ಲ,
ತನ್ನ ಬೇರಿನ ಮೇಲೇ ನಿಲ್ಲಬೇಕು, ನಿಧಾನವಾಗುತ್ತದೆ.

ಅಯ್ಯೋ, ಥ್ಯಾಂಕ್ಸ್ ಅನ್ನಬೇಡ!
ನಮ್ಮ ಕಡೆ ಗಿಡ ಕೊಟ್ಟವರಿಗೆ ಹಾಗಂದರೆ ಅದು ಬದುಕುವುದಿಲ್ಲ.
ಕದ್ದ ಕಡ್ಡಿಯಾದರೆ ಇನ್ನೂ ಒಳ್ಳೆಯದಂತೆ.
ಕತ್ತರಿ ಅಗೋ, ಬಕೆಟ್ಟಿನಲ್ಲಿದೆ.
ನಾನು ಟೀಗೆ ನೀರಿಡಲು ಒಳಗೆ ಹೋಗುತ್ತೇನೆ.
ನಮ್ಮ ಕೆಟಲು ಕುದಿಯುವುದು ಬಹಳ ತಡ.